ಜೋನಿಬೆಲ್ಲದ ಒಲೆ, ಕಡಾಯಿ ಮತ್ತು ಕುದಿತದ ಲೆಕ್ಕ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಬ್ಬಿನ ಹಂಗಾಮು ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದವು: ಗಾಣದ ಮನೆಯಷ್ಟು ದೊಡ್ಡದಲ್ಲ, ಅಡುಗೆಮನೆಯಷ್ಟು ಚಿಕ್ಕದೂ ಅಲ್ಲ, ಹಿತ್ತಲಲ್ಲೇ ದಿನಕ್ಕೆ ನೂರು ಲೀಟರ್ ಕಬ್ಬಿನ ಹಾಲು (ಕಬ್ಬಿನ ರಸ) ಕಾಸಿ ಜೋನಿಬೆಲ್ಲ, ಅಂದರೆ ಪಾಕದಂಥ ನೀರುಬೆಲ್ಲ, ಮಾಡುವುದು ಹೇಗೆ? ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಮೀಸಲು. ಹೆಸರು ಬೇಡವೆಂದವರೇ ಹೆಚ್ಚಿದ್ದುದರಿಂದ ಊರನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಅರ್ಧ ಎಕರೆ ಕಬ್ಬು ಔಷಧ ಹೊಡೀದನ ಬೆಳದೀವಿ. ಫ್ಯಾಕ್ಟರಿಗೆ ಕಳಸೂದು ಬ್ಯಾಡಂತ ದಿನಾ ನೂರು ಲೀಟರ್ ಹಾಲು ತಗದು ಜೋನಿಬೆಲ್ಲ ಮಾಡಾಕ ಹತ್ತೀವಿ. ಮೂರು ಅಡಿ ಅಗಲದ ಹಳೇ ಕಬ್ಬಿಣದ ಕಡಾಯಿ, ಕೆಳಗ ಮೂರು ಕಲ್ಲಿನ ಒಲಿ. ಮುಂಜಾನೆ ಏಳಕ್ಕ ಬೆಂಕಿ ಹಚ್ಚಿದ್ರ ಹೊತ್ತು ಮುಣಗೂತನಾ ಕುದೀತದ. ಕಟಗಿ ಕಂಡಾಪಟ್ಟಿ ಹೋಗತಾವು, ಬಣ್ಣಾನೂ ಕಪ್ಪು. ಇನ್ನೂ ದೊಡ್ಡ ಕಡಾಯಿ ತರಬೇಕೋ, ಬೆಂಕಿ ಹೆಚ್ಚು ಮಾಡಬೇಕೋ?
— ಕಲಘಟಗಿ ತಾಲೂಕು

ಉತ್ತರ: ಕಡಾಯಿ ದೊಡ್ಡದಾದರೆ ಸಾಲದು, ತಳ ಅಗಲವಾಗಬೇಕು, ಬೆಂಕಿ ಹೆಚ್ಚಾದರೆ ಸಾಲದು, ಅದು ತಳಕ್ಕೆ ತಾಗಬೇಕು. ಮೊದಲು ಎಷ್ಟು ನೀರು ಓಡಿಸಬೇಕೆಂದು ಲೆಕ್ಕ ಹಾಕೋಣ.

ಚೆನ್ನಾಗಿ ಬಲಿತ ಕಬ್ಬಿನ ಹಾಲು 18 ಬ್ರಿಕ್ಸ್ ಇದೆ ಎಂದಿಟ್ಟುಕೊಳ್ಳಿ. ಅಂದರೆ ನೂರು ಕಿಲೋ ಹಾಲಿನಲ್ಲಿ 18 ಕಿಲೋ ಕರಗಿದ ಸಕ್ಕರೆ ಮುಂತಾದ ಘನಾಂಶ. ನೂರು ಲೀಟರ್ ಹಾಲು ಸುಮಾರು 107 ಕಿಲೋ ತೂಗುತ್ತದೆ, ಅದರಲ್ಲಿ ಘನಾಂಶ 19 ಕಿಲೋ ಚಿಲ್ಲರೆ. ಜೋನಿಬೆಲ್ಲವನ್ನು 75 ಬ್ರಿಕ್ಸಿಗೆ ಇಳಿಸಿದರೆ ಕೈಗೆ ಬರುವುದು ಹತ್ತಿರಹತ್ತಿರ 26 ಕಿಲೋ. ಉಳಿದ 81 ಕಿಲೋ ಆವಿಯಾಗಿ ಹೋಗಲೇಬೇಕಾದ ನೀರು.

ಆ ನೀರು ಗಂಟೆಗೆ ಎಷ್ಟು ಹೋಗುತ್ತದೆ ಎಂಬುದು ಬೆಂಕಿ ಮುಟ್ಟುವ ತಳದ ವಿಸ್ತೀರ್ಣಕ್ಕೆ ಬಿಟ್ಟದ್ದು. ಸರಿಯಾಗಿ ಕಟ್ಟಿದ ಒಲೆಯ ಮೇಲೆ, ಚಪ್ಪಟೆ ತಳದ ಕಡಾಯಿಯಲ್ಲಿ, ಒಣ ಕಟ್ಟಿಗೆ ಹಾಕಿದರೆ ಒಂದು ಚದರ ಅಡಿಗೆ ಗಂಟೆಗೆ ಸುಮಾರು 4 ಲೀಟರ್ ಹಿಡಿಯಬಹುದು. ಮೂರು ಕಲ್ಲಿನ ಒಲೆಯಲ್ಲಿ ಜ್ವಾಲೆ ಸುತ್ತಲೂ ಹಾರಿಹೋಗುವುದರಿಂದ ಒಂದೂವರೆ ಲೀಟರ್ ಸಿಕ್ಕರೆ ಹೆಚ್ಚು. ನಿಮ್ಮ ಕಡಾಯಿಯ ಬಾಯಿ 7 ಚದರ ಅಡಿ. ಗಂಟೆಗೆ ಹತ್ತು ಲೀಟರಿನಂತೆ 81 ಲೀಟರಿಗೆ ಎಂಟು ತಾಸು ಕುದಿತ, ಅದರ ಮೇಲೆ ಕಾಯುವ ಹೊತ್ತು. ಹೊತ್ತು ಮುಳುಗುವುದು ಅದಕ್ಕೇ. ಬಣ್ಣ ಕಪ್ಪಾಗಲು ಎರಡು ಕಾರಣ. ಅಷ್ಟು ಹೊತ್ತು ಬೆಂಕಿಯ ಮೇಲಿದ್ದ ಸಕ್ಕರೆ ಕಪ್ಪಾಗದೆ ಇರದು. ಜೊತೆಗೆ, ಗುಂಡು ತಳದ ಕಡಾಯಿಯಲ್ಲಿ ಹಾಲಿನ ಮಟ್ಟ ಇಳಿದಂತೆ ಪಕ್ಕದ ಗೋಡೆ ಬರಿದಾಗಿ, ಅಲ್ಲಿ ಅಂಟಿದ ಪಾಕ ಸೀದು ಮತ್ತೆ ಒಳಗೆ ಬೀಳುತ್ತದೆ.

ನಮ್ಮ ಸಲಹೆ: ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದ, ಹತ್ತು ಇಂಚು ಎತ್ತರದ ಗೋಡೆಯಿರುವ ಸ್ಟೇನ್‌ಲೆಸ್ ಸ್ಟೀಲ್ ಕಡಾಯಿ. ತಳ 8 ಚದರ ಅಡಿ, ಗಂಟೆಗೆ 32 ಲೀಟರ್. ಕುದಿತ ಎರಡೂವರೆ ತಾಸು, ಕಾಯಿಸಿ ಮಡ್ಡಿ (ಮೇಲೆ ತೇಲಿಬರುವ ಕೊಳೆ) ತೆಗೆಯಲು ಒಂದು ತಾಸು; ಮಧ್ಯಾಹ್ನದ ಊಟದ ಹೊತ್ತಿಗೆ ಕೆಲಸ ಮುಗಿದಿರುತ್ತದೆ. 304 ದರ್ಜೆಯ ತಗಡು ಕೇಳಿ. 18 ಗೇಜ್, ಅಂದರೆ 1.2 ಮಿಲಿಮೀಟರ್ ದಪ್ಪ ಸಾಕು. 16 ಗೇಜ್ ಆದರೆ ಇನ್ನೂ ಗಟ್ಟಿ, ಆದರೆ ಆರು ಕಿಲೋ ತೂಕ ಹೆಚ್ಚು. 22 ಗೇಜಿನ ತೆಳು ತಗಡು ಮೊದಲ ಬೆಂಕಿಗೇ ಉಬ್ಬಿಳಿದು ಡೊಂಕಾಗುತ್ತದೆ. ಡೊಂಕಾದ ತಳದಲ್ಲಿ ಪಾಕ ಒಂದು ಕಡೆ ಆಳ, ಇನ್ನೊಂದು ಕಡೆ ತೆಳುವಾಗಿ ನಿಂತು, ತೆಳುವಾದಲ್ಲಿ ಸೀಯುತ್ತದೆ.

ಪೇಟೆಯಲ್ಲಿ ಸಿಗುವ ತಗಡು ಎಂಟು ಅಡಿಗೆ ನಾಲ್ಕು ಅಡಿ. ಈ ಕಡಾಯಿಗೆ ಬೇಕಾದ ತುಂಡು 68 ಇಂಚಿಗೆ 44 ಇಂಚು. ಹೀಗಾಗಿ ಒಂದೇ ತಗಡಿನಲ್ಲಿ ಕಡಾಯಿ ಆಗಿ, ಮಿಕ್ಕದ್ದರಲ್ಲಿ ಒಲೆಯ ಬಾಗಿಲು, ಮುಚ್ಚಳದ ಪಟ್ಟಿ ಎರಡೂ ಆಗುತ್ತವೆ. ಮೂಲೆಗಳನ್ನು ಕತ್ತರಿಸಿ ಬೆಸೆಯುವ ಬದಲು ಲಕೋಟೆಯಂತೆ ಮಡಚಿಸಿದರೆ ಸೋರುವ ಭಯವೇ ಇಲ್ಲ. ಬೆಸುಗೆ ಬೇಕೇ ಆದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡಿಸಿ, ಒಳಮೈ ತಿಕ್ಕಿಸಿ ನುಣುಪಾಗಿಸಿ. ಸೀಸ ಸೇರಿದ ಬೆಸುಗೆ ತಿನ್ನುವ ಪದಾರ್ಥದ ಪಾತ್ರೆಗೆ ಕೂಡದು. ಹುಬ್ಬಳ್ಳಿಯ ಗೋಕುಲ ರಸ್ತೆ ಮತ್ತು ತಾರಿಹಾಳದ ಕೈಗಾರಿಕಾ ಪ್ರದೇಶಗಳಲ್ಲಿ ತಗಡು ಮಡಚುವ ಯಂತ್ರವಿರುವವರನ್ನು ವಿಚಾರಿಸಿ. ಕೈಯಲ್ಲಿ ಬಡಿದು ಮಡಚಿದ ತಳ ಸಪಾಟಾಗಿ ಬರುವುದು ಕಷ್ಟ. ಒಂದು ಮೂಲೆಗೆ, ತಳಕ್ಕೆ ಸಮನಾಗಿ, ಒಂದು ಇಂಚಿನ ಸ್ಟೀಲ್ ಬಾಲ್ ವಾಲ್ವ್ ಹಾಕಿಸಲು ಮರೆಯಬೇಡಿ. ಕಟ್ಟಿಗೆಯ ಬೆಂಕಿಯನ್ನು ಗುಬ್ಬಿ ತಿರುಗಿಸಿ ಆರಿಸಲಾಗದು. ಹದ ಬಂದ ಕ್ಷಣ ಪಾಕವೇ ಹೊರಗೆ ಬರಬೇಕು. ಪಾಕ ಇಳಿದ ಕೂಡಲೇ ಸುರಿಯಲು ಇಪ್ಪತ್ತು ಲೀಟರ್ ಬಿಸಿನೀರು ಪಕ್ಕದಲ್ಲಿರಲಿ. ಬರಿದಾದ ಕಡಾಯಿ ಕೆಂಡದ ಮೇಲೆ ಎರಡು ನಿಮಿಷ ನಿಂತರೂ ಕೆಡುತ್ತದೆ.

ಈಗ ಆಳದ ಲೆಕ್ಕ. ಒಂದು ಚದರ ಅಡಿಯಲ್ಲಿ ಒಂದು ಇಂಚು ಆಳಕ್ಕೆ 2.36 ಲೀಟರ್ ಹಿಡಿಯುತ್ತದೆ. ಈ ಕಡಾಯಿಯಲ್ಲಿ ಒಂದು ಇಂಚೆಂದರೆ ಸುಮಾರು 19 ಲೀಟರ್. ನೂರು ಲೀಟರನ್ನು ಒಂದೇ ಸಲ ಸುರಿದರೆ ಐದು ಇಂಚು ದಾಟಿ, ನೊರೆಗೆ ಜಾಗ ಸಾಲದು. 60 ಲೀಟರ್ ಹಾಕಿ ಶುರುಮಾಡಿ. ಉಳಿದ 40 ಲೀಟರನ್ನು ಚಿಮಣಿಯ ಕಡೆಯ ಒಲೆಕಟ್ಟೆಯ ಮೇಲೆ ಬೇರೆ ಪಾತ್ರೆಯಲ್ಲಿ ಬಿಸಿ ಮಾಡಿ, ಮಡ್ಡಿ ತೆಗೆದು, ಮಟ್ಟ ಇಳಿದಂತೆ ಸೇರಿಸುತ್ತ ಹೋಗಿ. ತಣ್ಣನೆಯ ಹಾಲು ಸುರಿದರೆ ಕುದಿತವೇ ನಿಂತು, ಮತ್ತೆ ಏಳಲು ಹತ್ತು ಹದಿನೈದು ನಿಮಿಷ ಹೋಗುತ್ತದೆ. ಕಡಾಯಿಯ ಪಾಕ 40 ಬ್ರಿಕ್ಸ್ ದಾಟಿದ ಮೇಲೆ ಹೊಸ ಹಾಲು ಬೇಡವೇ ಬೇಡ.

ಕೊನೆಗೆ ಉಳಿಯುವ 18–19 ಲೀಟರ್ ಪಾಕ ಈ ಕಡಾಯಿಯಲ್ಲಿ ನಿಲ್ಲುವುದು ಕೇವಲ ಒಂದು ಇಂಚು. ಅದಕ್ಕಿಂತ ತೆಳುವಾದರೆ ಸೀಯುವುದು ಖಂಡಿತ. ಆದ್ದರಿಂದ ಯಾವ ದಿನ ಹಾಲು 60–70 ಲೀಟರಿಗಿಂತ ಕಡಿಮೆಯೋ ಆ ದಿನ ಕೊನೆಯ ಪಾಕವನ್ನು ಸಣ್ಣ, ದಪ್ಪ ತಳದ ಪಾತ್ರೆಗೆ ಇಳಿಸಿ ಹದಕ್ಕೆ ತನ್ನಿ.

ಒಲೆ ಸರಿಯಾಗಿದೆಯೇ ಎಂದು ತಿಳಿಯಲು ಕಬ್ಬು ಹಾಳುಮಾಡಬೇಕಿಲ್ಲ. ಎರಡು ಇಂಚು ನೀರು ತುಂಬಿ ಕುದಿಸಿ. ಕುದಿ ಪೂರ್ತಿ ಎದ್ದ ಮೇಲೆ ಕಡ್ಡಿ ಅದ್ದಿ ಗುರುತು ಹಾಕಿ, ಅರ್ಧ ತಾಸಿನ ನಂತರ ಮತ್ತೆ ಅಳೆಯಿರಿ. ಮುಕ್ಕಾಲು ಇಂಚಿಗಿಂತ ಹೆಚ್ಚು ಇಳಿದಿದ್ದರೆ ಗಂಟೆಗೆ 30 ಲೀಟರಿನ ಹತ್ತಿರ ಇದ್ದೀರಿ. ಕಾಲು ಇಂಚು ಇಳಿದಿದ್ದರೆ ಕಡಾಯಿಯನ್ನು ಬೈಯಬೇಡಿ, ಮುಂದಿನ ಉತ್ತರ ಓದಿ.

ಪ್ರಶ್ನೆ: ಸ್ಟೀಲ್ ಕಡಾಯಿ ಮಾಡಿಸಿದ್ದೇವೆ. ಇಟ್ಟಿಗೆ, ಸಿಮೆಂಟಿನಲ್ಲಿ ಒಲೆ ಕಟ್ಟಿಸಿದೆವು. ಎರಡೇ ವಾರದಲ್ಲಿ ಬಿರುಕು ಬಿಟ್ಟಿದೆ. ಹೊಗೆಯೆಲ್ಲ ಒಲೆಬಾಯಿಯಿಂದಲೇ ಬರುತ್ತದೆ. ಮುಂದಿನ ಭಾಗ ಜೋರಾಗಿ ಕುದಿಯುತ್ತದೆ, ಹಿಂದೆ ಬರೀ ಬೆಚ್ಚಗೆ. ಎಲ್ಲಿ ತಪ್ಪಾಗಿದೆ?
— ರಾಣೆಬೆನ್ನೂರು

ಉತ್ತರ: ಬಿರುಕಿಗೆ ಕಾರಣ ಸಿಮೆಂಟು. ಬೆಂಕಿಯ ತಾಪಕ್ಕೆ ಅದು ಪುಡಿಯಾಗುತ್ತದೆ. ಬೆಂಕಿ ನೇರ ತಾಗುವ ಒಳಸಾಲಿಗೆ ಫೈರ್ ಬ್ರಿಕ್ ಇಟ್ಟು, ಮಣ್ಣಿನಲ್ಲೇ ಕಟ್ಟಬೇಕು. ಮಣ್ಣಿನ ಆಯ್ಕೆಯೂ ಮುಖ್ಯ. ನವಲಗುಂದ, ರೋಣದ ಕಡೆಯ ಎರೆಮಣ್ಣು ಒಣಗಿದರೆ ಬಾಯಿಬಿಡುತ್ತದೆ, ಒಲೆಗೆ ಬಾರದು. ಕೆಂಪು ಜೇಡಿಗೆ ಸಮಪಾಲು ಸಣ್ಣ ಮರಳು, ಸ್ವಲ್ಪ ಸಗಣಿ, ಕತ್ತರಿಸಿದ ಹುಲ್ಲು ಸೇರಿಸಿ ಎರಡು ದಿನ ಕೊಳೆಹಾಕಿ ತುಳಿದ ಮಣ್ಣು ಚೆನ್ನಾಗಿ ನಿಲ್ಲುತ್ತದೆ. ಕಟ್ಟಿದ ಮೇಲೆ ವಾರ ನೆರಳಲ್ಲಿ ಆರಲಿ. ಮೊದಲ ಮೂರು ದಿನ ಸಣ್ಣ ಬೆಂಕಿ ಮಾತ್ರ.

ಹೊಗೆ ಹಿಂದಕ್ಕೆ ಬರುವುದು ಚಿಮಣಿ ಎಳೆಯದೆ ಇದ್ದಾಗ. ನಾಲ್ಕು ಅಡಿ ಉದ್ದದ ಕಡಾಯಿಯ ಒಲೆಗೆ ಚಿಮಣಿಯ ಒಳ ಅಗಲ ಕನಿಷ್ಠ ಆರು ಇಂಚು, ಎಂಟಾದರೆ ನಿರಾತಂಕ. ಎತ್ತರ ಒಲೆಯ ಉದ್ದದ ಎರಡರಷ್ಟಕ್ಕೆ ಕಡಿಮೆಯಾಗಬಾರದು. ಹತ್ತು ಹನ್ನೆರಡು ಅಡಿ ಇಡಿ. ಪಕ್ಕದ ಮನೆಯ ಮಾಳಿಗೆಗಿಂತ ಚಿಮಣಿಯ ತುದಿ ಕೆಳಗಿದ್ದರೆ ಗಾಳಿ ಮೇಲಿನಿಂದ ಒತ್ತಿ ಹೊಗೆಯನ್ನು ಕೆಳಗೆ ನೂಕುತ್ತದೆ. ಗದಗ ಸೀಮೆಯ ಬಯಲುಗಾಳಿಯಲ್ಲಂತೂ ತುದಿಗೆ ತಗಡಿನ ಟೊಪ್ಪಿಗೆ ಬೇಕೇ ಬೇಕು. ಒಲೆಬಾಯಿಯನ್ನು ಗಾಳಿ ಬರುವ ದಿಕ್ಕಿಗೆ ಮುಖಮಾಡಿಸಿ.

ಹಿಂದಿನ ಭಾಗ ಕುದಿಯದಿರುವುದು ಒಳಗಿನ ಆಕಾರದಿಂದ. ಮುಂದಿನ ಒಂದೂವರೆ ಅಡಿಯಲ್ಲಿ ಮಾತ್ರ ಜಾಲರಿ, ಅದರ ಕೆಳಗೆ ಒಂದಡಿ ಬೂದಿಗುಂಡಿ. ಜಾಲರಿಯಿಂದ ಕಡಾಯಿಯ ತಳಕ್ಕೆ 14ರಿಂದ 16 ಇಂಚು ಇರಲಿ. ಅದಕ್ಕಿಂತ ಕಡಿಮೆಯಾದರೆ ಜ್ವಾಲೆ ಪೂರ್ತಿ ಉರಿಯುವ ಮೊದಲೇ ತಣ್ಣನೆಯ ತಳಕ್ಕೆ ಬಡಿದು ಮಸಿಯಾಗುತ್ತದೆ. ಜಾಲರಿಯ ಹಿಂದಿನಿಂದ ನೆಲವನ್ನು ಇಳಿಜಾರಾಗಿ ಏರಿಸುತ್ತ ಹೋಗಿ, ಚಿಮಣಿಯ ಹತ್ತಿರ ಕಡಾಯಿಯ ತಳಕ್ಕೂ ನೆಲಕ್ಕೂ ಮೂರು ಇಂಚು ಸಂದು ಉಳಿಸಿ. ಆಗ ಬಿಸಿಗಾಳಿ ತಳವನ್ನು ಸವರಿಕೊಂಡೇ ಹೊರಗೆ ಹೋಗಬೇಕಾಗುತ್ತದೆ. ನಿಮ್ಮ ಒಲೆಯ ಒಳಗೆ ಉದ್ದಕ್ಕೂ ಒಂದೇ ಆಳದ ಹೊಂಡವಿದೆ ಎಂದು ಕಾಣುತ್ತದೆ. ಅಲ್ಲಿ ಬಿಸಿ ಕೆಳಗೇ ಉಳಿದು ಚಿಮಣಿ ಸೇರುತ್ತದೆ. ಹಿಂದಿನ ಅರ್ಧಕ್ಕೆ ಇಟ್ಟಿಗೆಚೂರು, ಮಣ್ಣು ತುಂಬಿ ಏರಿಸಿದರೆ ಇವತ್ತೇ ವ್ಯತ್ಯಾಸ ಗೊತ್ತಾಗುತ್ತದೆ.

ಕಡಾಯಿಯ ಅಂಚಿಗೂ ಒಲೆಗೋಡೆಗೂ ನಡುವಿನ ಸಂದಿಗೆ ಮಣ್ಣು ಮೆತ್ತಿ. ಅಲ್ಲಿಂದ ನುಗ್ಗುವ ತಣ್ಣನೆಯ ಗಾಳಿ ಕಣ್ಣಿಗೆ ಕಾಣದು, ಆದರೆ ಚಿಮಣಿಯ ಎಳೆತವನ್ನೇ ಕೊಲ್ಲುತ್ತದೆ. ಸಣ್ಣ ಬ್ಲೋವರ್ ಹಚ್ಚುವುದಾದರೆ ಗಾಳಿ ಜಾಲರಿಯ ಕೆಳಗಿನಿಂದ ಬರಬೇಕು.

ಉರುವಲಿನ ಬಗ್ಗೆ ಎರಡು ಮಾತು. ಮುಂಗೈ ದಪ್ಪಕ್ಕೆ ಸೀಳಿದ, ಒಂದು ಬೇಸಿಗೆ ಒಣಗಿದ ಜಾಲಿ ಅಥವಾ ನೀಲಗಿರಿಯನ್ನು ಏಳೆಂಟು ನಿಮಿಷಕ್ಕೊಮ್ಮೆ ಸ್ವಲ್ಪಸ್ವಲ್ಪ ಹಾಕಿ, ಬಾಗಿಲು ಬೇಗ ಮುಚ್ಚಿ. ದೊಡ್ಡ ದಿಮ್ಮಿ ತುರುಕಿದರೆ ಅರ್ಧ ತಾಸು ಹೊಗೆ, ಅರ್ಧ ತಾಸು ಕೆಂಡ, ಕುದಿತ ಏರಿಳಿಯುತ್ತದೆ. ನಿಮ್ಮ ಹಾವೇರಿ ಜಿಲ್ಲೆಯಲ್ಲಿ ರಾಶಿಬಿದ್ದಿರುವ ಗೋವಿನಜೋಳದ ಬೆಂಡು ಒಳ್ಳೆಯ ಉರುವಲು. ಕಬ್ಬಿನ ಸಿಪ್ಪೆ ಬಿಸಿಲಲ್ಲಿ ಗಲಗಲ ಒಣಗಿರಬೇಕು. ಗಾಣದಿಂದ ಆಗಷ್ಟೇ ಬಂದ ಸಿಪ್ಪೆಯ ಅರ್ಧ ತೂಕ ನೀರು. ಅದನ್ನು ಉರಿಸಿದರೆ ಮೊದಲು ಆ ನೀರನ್ನೇ ಕುದಿಸಿದಂತಾಯಿತು. ಒಣ ಮೆಣಸಿನ ಗಿಡವನ್ನು ಮಾತ್ರ ಒಲೆಗೆ ಹಾಕಬೇಡಿ, ಬ್ಯಾಡಗಿ ಕಡೆಯವರಿಗೆ ಕಾರಣ ಹೇಳಬೇಕಾಗಿಲ್ಲ.

ಪ್ರಶ್ನೆ: ಗ್ಯಾಸ್ ಮೇಲೆ ಕಾಸಿದರೆ ಲಾಭವಿದೆಯೇ?
— ನವಲಗುಂದ

ಉತ್ತರ: ನೂರು ಲೀಟರ್ ಹಾಲಿಗೆ ಒಟ್ಟು 210 ಮೆಗಾಜೂಲ್ ಆಸುಪಾಸು ಶಾಖ ತಳದ ಒಳಗೆ ಸೇರಬೇಕು. ಗ್ಯಾಸಿನ ಅರ್ಧ ಶಾಖ ಪಾತ್ರೆಗೆ ಸೇರುತ್ತದೆಂದು ಹಿಡಿದರೆ 9 ಕಿಲೋ, ಅಂದರೆ 19 ಕಿಲೋದ ವಾಣಿಜ್ಯ ಸಿಲಿಂಡರಿನ ಅರ್ಧ. ಮನೆಬಳಕೆಯ ಸಿಲಿಂಡರನ್ನು ಮಾರಾಟದ ಕೆಲಸಕ್ಕೆ ಬಳಸುವಂತಿಲ್ಲ. ಬರುವ 26 ಕಿಲೋ ಜೋನಿಬೆಲ್ಲಕ್ಕೆ ಆ ಖರ್ಚನ್ನು ಹಂಚಿ ನೋಡಿ, ಉತ್ತರ ನಿಮಗೇ ಸಿಗುತ್ತದೆ.

ಕಟ್ಟಿಗೆಯಾದರೆ ಒಳ್ಳೆಯ ಒಲೆಯಲ್ಲಿ 55 ಕಿಲೋ, ಮೂರು ಕಲ್ಲಿನ ಒಲೆಯಲ್ಲಿ ಅದರ ಎರಡರಷ್ಟು. ನೂರು ಲೀಟರ್ ಹಾಲು ಕೊಟ್ಟ ಕಬ್ಬಿನ ಸಿಪ್ಪೆ ಒಣಗಿದ ಮೇಲೆ ಸುಮಾರು 40 ಕಿಲೋ ಉಳಿಯುತ್ತದೆ. ಒಳ್ಳೆಯ ಒಲೆಯಲ್ಲಿ ಬೇಕಾದ ಶಾಖದ ಮುಕ್ಕಾಲು ಪಾಲು ಅದರಲ್ಲೇ ಇದೆ. ನಮ್ಮ ಮಟ್ಟಿಗೆ ಮೊದಲಿನ ಕುದಿತಕ್ಕೆ ಸಿಪ್ಪೆ, ಕೊನೆಯ ಹದಕ್ಕೆ ಸಣ್ಣ ಪಾತ್ರೆಯಲ್ಲಿ ಗ್ಯಾಸ್ ಎಂಬ ಹಂಚಿಕೆ ಚೆನ್ನ. ಕೊನೆಯ ಹತ್ತು ಲೀಟರ್ ನೀರು ಓಡಿಸಲು ಗ್ಯಾಸ್ ಒಂದು ಕಿಲೋ ಸಾಕು, ಬೆಂಕಿಯ ಮೇಲೆ ಹಿಡಿತವೂ ಇರುತ್ತದೆ.

ಪ್ರಶ್ನೆ: ನಮ್ಮ ಮಗಳು ಅಮೆರಿಕದ ವರ್ಮಾಂಟ್‌ನಲ್ಲಿದ್ದಾಳೆ. ಅಲ್ಲಿ ಮೇಪಲ್ ಮರದ ರಸ ಕಾಸುವ ಯಂತ್ರದ ವಿಡಿಯೊ ಕಳಿಸಿದ್ದಳು. ಒಂದು ತುದಿಯಲ್ಲಿ ರಸ ತಾನಾಗಿ ಬೀಳುತ್ತದೆ, ಇನ್ನೊಂದು ತುದಿಯಲ್ಲಿ ಸಿರಪ್ ತೆಗೆಯುತ್ತಾರೆ, ನಡುವೆ ನಿಲ್ಲಿಸುವುದೇ ಇಲ್ಲ. ಕಬ್ಬಿನ ಹಾಲಿಗೂ ಹಾಗೆ ಮಾಡಿಸಬಹುದೇ?
— ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅವರ ಕಷ್ಟ ನಮ್ಮದಕ್ಕಿಂತ ದೊಡ್ಡದು, ಹಾಗಾಗಿ ಯಂತ್ರವೂ ಚುರುಕು. ಮೇಪಲ್ ರಸದಲ್ಲಿ ಸಕ್ಕರೆ ಇರುವುದು ಶೇ. 2ರ ಸುಮಾರು. ಅಲ್ಲಿಯವರ ರೂಢಿಯ ಲೆಕ್ಕದಲ್ಲಿ 86ನ್ನು ರಸದ ಸಕ್ಕರೆಯ ಪ್ರಮಾಣದಿಂದ ಭಾಗಿಸಿದರೆ ಒಂದು ಲೀಟರ್ ಸಿರಪ್‌ಗೆ ಎಷ್ಟು ಲೀಟರ್ ರಸ ಬೇಕೆಂದು ಗೊತ್ತಾಗುತ್ತದೆ: ಶೇ. 2 ಆದರೆ 43 ಲೀಟರ್. ನಮ್ಮ ಹಾಲಿನಲ್ಲಿ ಒಂದು ಲೀಟರ್ ಜೋನಿಬೆಲ್ಲಕ್ಕೆ ಐದೂವರೆ ಲೀಟರ್ ಸಾಕು. ಚಳಿಗಾಲ ಮುಗಿಯುವಾಗ, ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ಕೆಲವೇ ವಾರಗಳಲ್ಲಿ ರಸ ಇಳಿಯುತ್ತದೆ; ಬಂದದ್ದನ್ನು ಬಂದಹಾಗೆ ಕಾಸಿ ಮುಗಿಸಬೇಕು.

ಅವರ ಕಡಾಯಿಯಲ್ಲಿ ಎರಡು ಭಾಗ. ಹಿಂದಿನದರ ತಳ ಸಪಾಟಲ್ಲ. ಉದ್ದುದ್ದ ಮಡಿಕೆಗಳಾಗಿ ಕೆಳಗಿಳಿದು ಬೆಂಕಿಯ ದಾರಿಯಲ್ಲಿ ನಿಂತಿರುತ್ತದೆ. ಹೊರಗಿನ ಅಳತೆ ಅಷ್ಟೇ ಇದ್ದರೂ ಶಾಖ ಹೀರುವ ಮೈ ಹಲವು ಪಟ್ಟು ಆಗುವುದರಿಂದ ಒಂದು ಚದರ ಅಡಿಗೆ ಗಂಟೆಗೆ ಏಳೆಂಟು ಲೀಟರ್ ಆವಿಯಾಗುತ್ತದೆ. ಟಾಕಿಯಲ್ಲಿರುವಂಥ ತೇಲುವ ವಾಲ್ವ್ ಮಟ್ಟವನ್ನು ಒಂದೂವರೆ–ಎರಡು ಇಂಚಿನಲ್ಲಿ ಕಾಯುತ್ತದೆ. ಅಲ್ಲಿಂದ ರಸ ಮುಂದಿನ ಚಪ್ಪಟೆ ಕಡಾಯಿಗೆ ಹರಿದು, ಅಡ್ಡಗೋಡೆಗಳ ನಡುವೆ ಹಾವಿನಂತೆ ಸುತ್ತಿ ಬರುತ್ತ ಗಟ್ಟಿಯಾಗುತ್ತದೆ. ಕೊನೆಯ ಮನೆಯಲ್ಲಿ ನೀರಿನ ಕುದಿಗಿಂತ 4 ಡಿಗ್ರಿ ಸೆಲ್ಸಿಯಸ್ ಮೇಲೇರಿದಾಗ 66–67 ಬ್ರಿಕ್ಸ್ ಆಯಿತೆಂದು ತೆಗೆಯುತ್ತಾರೆ.

ಇದನ್ನೇ ತಂದು ಕಬ್ಬಿನ ಹಾಲು ಸುರಿದರೆ ಮಡಿಕೆಗಳ ನಡುವೆ ಮಡ್ಡಿ ಕೂತು ಸೀಯುತ್ತದೆ, ಅಲ್ಲಿಗೆ ಸೌಟೂ ಹೋಗದು, ಬ್ರಷ್ಷೂ ಹೋಗದು. ಮೇಪಲ್ ರಸ ಬಹುಮಟ್ಟಿಗೆ ತಿಳಿನೀರು. ಅದರಲ್ಲೂ ಸುಣ್ಣದಂಶದ ಮರಳುಪುಡಿ ತಳಕ್ಕೆ ಕೂರುವುದುಂಟು, ಆದರೆ ನಮ್ಮಂತೆ ಹಸಿರು ಮಡ್ಡಿ ಬುಟ್ಟಿಗಟ್ಟಲೆ ಏಳದು. ಎರಡನೆಯದಾಗಿ, 75 ಬ್ರಿಕ್ಸಿನ ಪಾಕ ಅಡ್ಡಗೋಡೆಗಳ ಸಂದಿಯಲ್ಲಿ ಸರಾಗ ಹರಿಯದು. ಅಲ್ಲಿನ ದೊಡ್ಡ ಉತ್ಪಾದಕರು ಕಾಸುವ ಮೊದಲು ಆರ್‌ಓ ಯಂತ್ರದಿಂದ, ಅಂದರೆ ಪೊರೆಯ ಮೂಲಕ ಸೋಸಿ, ರಸದ ಮುಕ್ಕಾಲು ಭಾಗ ನೀರನ್ನು ತೆಗೆಯುತ್ತಾರೆ. 18 ಬ್ರಿಕ್ಸಿನ ಹಾಲಿಗೆ ಆ ದಾರಿಯೂ ಇಲ್ಲ: ಮೊದಲೇ ಗಟ್ಟಿ, ಮೇಲೆ ಮಡ್ಡಿ, ಪೊರೆ ಕಟ್ಟಿಹೋಗುತ್ತದೆ.

ಮೇಪಲ್‌ಗಿಂತ ನಮಗೆ ಹತ್ತಿರದ ಉದಾಹರಣೆ ಅದೇ ದೇಶದ ಕೆಂಟಕಿ, ಟೆನೆಸಿ ಸೀಮೆಯ ಸಿಹಿಜೋಳದ (ಗೋವಿನಜೋಳವಲ್ಲ, ಸಿಹಿ ದಂಟಿನ ಜೋಳ) ದಂಟಿನ ಸಿರಪ್. ಅಲ್ಲಿ ಚಪ್ಪಟೆ ತಳದ ಉದ್ದನೆಯ ಕಡಾಯಿಗೆ ಅಡ್ಡಗೋಡೆ ಹಾಕಿ, ಉದ್ದಕ್ಕೂ ನಿಂತು ಮಡ್ಡಿ ತೆಗೆಯುತ್ತ ನಿರಂತರವಾಗಿ ಕಾಸುತ್ತಾರೆ. ನೀವು ಮಾಡಿಸುವುದಾದರೆ ಅದನ್ನು ಮಾಡಿಸಿ: ಬೇರೆ ಪಾತ್ರೆಯಲ್ಲಿ ಮಡ್ಡಿ ತೆಗೆದು ಶೋಧಿಸಿದ ಬಿಸಿ ಹಾಲನ್ನು ಮೂರು ಅಡ್ಡಗೋಡೆಯ ಚಪ್ಪಟೆ ಕಡಾಯಿಗೆ ಬಿಟ್ಟು, 50 ಬ್ರಿಕ್ಸ್ ಆದಾಗ ಹೊರಗೆ ತೆಗೆದು, ಸಣ್ಣ ಪಾತ್ರೆಯಲ್ಲಿ ಹದಕ್ಕೆ ತನ್ನಿ. ದಿನಕ್ಕೆ 300 ಲೀಟರ್ ದಾಟಿದರೆ ಈ ಏರ್ಪಾಟು ಒಪ್ಪುತ್ತದೆ. ನೂರು ಲೀಟರಿಗೆ ಅನಾವಶ್ಯಕ ಖರ್ಚು. ಕಡಾಯಿ ತುಂಬಿ ಪಾಕ ಕ್ರಮಕ್ಕೆ ಬರುವಷ್ಟರಲ್ಲಿ ಹಾಲೇ ಮುಗಿದಿರುತ್ತದೆ.

ಪ್ರಶ್ನೆ: ಬೆಲ್ಲಕ್ಕೆ 118 ಡಿಗ್ರಿ ಎಂದು ಕೈಪಿಡಿಯಲ್ಲಿ ಓದಿ ಥರ್ಮಾಮೀಟರ್ ತಂದೆವು. 118ಕ್ಕೆ ಇಳಿಸಿದರೆ ಬೆಲ್ಲ ಕಲ್ಲಿನಂತಾಗಿ ಸೀದ ವಾಸನೆ. ಜೋನಿಗೆ 106 ಎಂದಿತ್ತು, ಅದೂ ಬಾಟಲಿಯಲ್ಲಿ ಸಕ್ಕರೆಗಟ್ಟಿತು. ಥರ್ಮಾಮೀಟರ್ ಕೆಟ್ಟಿದೆಯೇ?
— ಧಾರವಾಡ ತಾಲೂಕು

ಉತ್ತರ: ಇರಲಾರದು. ಧಾರವಾಡ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ, ಹುಬ್ಬಳ್ಳಿ–ಗದಗ 650ರ ಸುಮಾರು. ಮುನ್ನೂರು ಮೀಟರ್ ಏರಿದರೆ ನೀರು ಒಂದು ಡಿಗ್ರಿ ಕಡಿಮೆಯಲ್ಲೇ ಕುದಿಯುತ್ತದೆ. ನಿಮ್ಮಲ್ಲಿ ನೀರಿನ ಕುದಿ 97.5 ಡಿಗ್ರಿ. ಕೈಪಿಡಿಯ ಅಂಕಿ ನೀರು 100ಕ್ಕೆ ಕುದಿಯುವ ಜಾಗದ್ದು. ಅದನ್ನೇ ಹಿಡಿದರೆ ಪ್ರತಿ ಸಲವೂ ಎರಡೂವರೆ ಡಿಗ್ರಿ ಮುಂದೆ ಹೋಗುತ್ತೀರಿ. ಕೊನೆಯ ಹಂತದಲ್ಲಿ ಎರಡೂವರೆ ಡಿಗ್ರಿ ದೊಡ್ಡ ಅಂತರ.

ಆದ್ದರಿಂದ ನೀರಿನ ಕುದಿಗಿಂತ ಎಷ್ಟು ಮೇಲೆ ಎಂದು ಎಣಿಸಿ. 60 ಬ್ರಿಕ್ಸಿಗೆ 3 ಡಿಗ್ರಿ ಮೇಲೆ, 75ಕ್ಕೆ 7, 80ಕ್ಕೆ ಹತ್ತರ ಹತ್ತಿರ. ಅಚ್ಚುಬೆಲ್ಲಕ್ಕೆ 18. ಅಂದರೆ ನಿಮ್ಮೂರಿನಲ್ಲಿ ಜೋನಿ 104ರಿಂದ 105, ಅಚ್ಚು 115–116. ದಿನಾ ಮುಂಜಾನೆ ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ಆ ದಿನದ ಅಂಕಿ ಗುರುತು ಹಾಕಿಕೊಳ್ಳಿ. ಥರ್ಮಾಮೀಟರಿನ ಸ್ವಂತ ದೋಷವೂ ಅದರಲ್ಲೇ ಕಳೆದುಹೋಗುತ್ತದೆ. ತುದಿ ತಳಕ್ಕೆ ತಾಗಬಾರದು, ಪಾಕದಲ್ಲಿ ಪೂರ್ತಿ ಮುಳುಗಿರಬೇಕು.

ಇಲ್ಲಿ ಇನ್ನೊಂದು ಗಮನಿಸಿ: 40 ಬ್ರಿಕ್ಸ್ ಆಗುವವರೆಗೆ ಉಷ್ಣತೆ ಅಲುಗಿದಂತೆಯೇ ಕಾಣದು. 60 ದಾಟಿದ ಮೇಲೆ ಬಾಗಿಲಿನಲ್ಲಿ ಯಾರೋ ಕರೆದರೆಂದು ಹೋಗಿ ಬರುವಷ್ಟರಲ್ಲಿ ಎರಡು ಡಿಗ್ರಿ ಏರಿರುತ್ತದೆ. 3 ಡಿಗ್ರಿ ಏರಿದಾಗಲೇ ಕಟ್ಟಿಗೆ ಎಳೆಯಲು ಶುರುಮಾಡಿ.

ಬ್ರಿಕ್ಸ್ ಅಳೆಯುವ ರಿಫ್ರಾಕ್ಟೋಮೀಟರ್ ಕೊಳ್ಳುವುದಾದರೆ ಎರಡು ಬೇಕು: ಹಾಲಿಗೆ 0–32 ಬ್ರಿಕ್ಸಿನದು, ಪಾಕಕ್ಕೆ 58–90ರದು. ಬಿಸಿ ಹನಿ ಹಾಕಿದರೆ ಸುಳ್ಳು ಅಂಕಿ ತೋರಿಸುತ್ತದೆ. ಉಷ್ಣತೆಯನ್ನು ತಾನೇ ಸರಿದೂಗಿಸುತ್ತದೆ ಎಂದು ಬರೆದಿರುವ ಮಾದರಿಯೂ 10ರಿಂದ 30 ಡಿಗ್ರಿಯೊಳಗೆ ಮಾತ್ರ ಸರಿದೂಗಿಸುವುದು. ಚಮಚದಲ್ಲಿ ತೆಗೆದು, ಆವಿ ಹೋಗದಂತೆ ಮುಚ್ಚಿ ಆರಿಸಿ ಹಾಕಿ.

ಪ್ರಶ್ನೆ: ಕುದಿ ಬಂದ ಕೂಡಲೇ ನೊರೆ ಉಕ್ಕಿ ಒಲೆಗೆ ಬೀಳುತ್ತದೆ. ಬೆಲ್ಲ ಕಂದುಹಸಿರು. ಬಣ್ಣ ಬರಲೆಂದು ಹೈಡ್ರೋಸ್ ಹಾಕಲು ಹೇಳುತ್ತಾರೆ, ನಮಗೆ ಮನಸ್ಸಿಲ್ಲ.
— ಹಾನಗಲ್

ಉತ್ತರ: ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್ ಎಂಬ ರಾಸಾಯನಿಕ) ಬೇಡ. ಅದು ಬಣ್ಣವನ್ನು ಕೆಲವು ದಿನ ಬಿಳಿಚಿಸುತ್ತದೆಯೇ ಹೊರತು ಮಡ್ಡಿ ತೆಗೆಯದು, ಗಂಧಕದ ಅಂಶವನ್ನೂ ಉಳಿಸುತ್ತದೆ.

ನಿಮ್ಮ ತೊಂದರೆ ಮೊದಲ ಮುಕ್ಕಾಲು ತಾಸಿನದು. ಹಾಲನ್ನು ಬಟ್ಟೆಯಲ್ಲಿ ಶೋಧಿಸಿ, ನಿಧಾನ ಬೆಂಕಿಯಲ್ಲಿ ಕಾಯಿಸಿ. ನೂರು ಲೀಟರಿಗೆ 200–250 ಗ್ರಾಂ ಹಸಿ ಬೆಂಡೆಗಿಡದ ಕಾಂಡ, ಬೇರು ಜಜ್ಜಿ ನೀರಿನಲ್ಲಿ ಹಿಚುಕಿದರೆ ಲೋಳೆ ಬರುತ್ತದೆ. ಹಾಲು ಉಗುರುಬೆಚ್ಚಗಾದಾಗ ಆ ಲೋಳೆಯ ಅರ್ಧ, ಮೊದಲ ಮಡ್ಡಿ ತೆಗೆದ ಮೇಲೆ ಉಳಿದರ್ಧ ಹಾಕಿ. 85 ಡಿಗ್ರಿ ಸುಮಾರಿಗೆ ಮಡ್ಡಿ ದಪ್ಪ ಹೊದಿಕೆಯಾಗಿ ಮೇಲೆ ನಿಂತು ಬಿರಿಯಲು ಶುರುವಾಗುತ್ತದೆ. ತೆಗೆಯಬೇಕಾದದ್ದು ಆಗಲೇ. ಕುದಿ ಎದ್ದರೆ ಹೊದಿಕೆ ಚೂರಾಗಿ ಹಾಲಿನಲ್ಲಿ ಬೆರೆತು, ಮತ್ತೆ ಯಾವ ಜಾಲಿಸೌಟಿಗೂ ಸಿಗದು. ಕಂದುಹಸಿರು ಬಣ್ಣ ಅದೇ. ಜೋರು ಬೆಂಕಿಗೆ ಮುಂಚೆ ಮಡ್ಡಿ, ಮಡ್ಡಿಯ ನಂತರ ಜೋರು ಬೆಂಕಿ. ಈ ಕ್ರಮ ತಪ್ಪಬಾರದು.

ಹಾಲಿನ ಪಿಎಚ್ (ಹುಳಿ–ಕ್ಷಾರದ ಅಳತೆ) ಸಾಮಾನ್ಯವಾಗಿ 5.2ರಿಂದ 5.4. ತಿಳಿಸುಣ್ಣದ ನೀರನ್ನು ಚೂರುಚೂರೇ ಹಾಕಿ 6ರ ಸುಮಾರಿಗೆ ತಂದರೆ ಮಡ್ಡಿ ಚೆನ್ನಾಗಿ ಕಟ್ಟುತ್ತದೆ. ಪಿಎಚ್ ಕಾಗದದಲ್ಲಿ ನೋಡುತ್ತ ಹಾಕಿ; 7 ದಾಟಿದರೆ ಬೆಲ್ಲ ಕಪ್ಪಾಗಿ ಸುಣ್ಣದ ರುಚಿ ಬರುತ್ತದೆ. ಉಕ್ಕುವ ನೊರೆಗೆ ಒಂದೆರಡು ಚಮಚ ಶೇಂಗಾ ಅಥವಾ ಕುಸುಬಿ ಎಣ್ಣೆ ಚಿಮುಕಿಸಿದರೆ ತಟ್ಟನೆ ಕೂರುತ್ತದೆ. ಲೋಟಗಟ್ಟಲೆ ಹಾಕಿದರೆ ಬಾಟಲಿಯಲ್ಲಿ ಎಣ್ಣೆ ತೇಲುತ್ತದೆ.

ಹಾಲು ಹಿಂಡಿದ ಎರಡು ಮೂರು ತಾಸಿನೊಳಗೆ ಒಲೆ ಏರಬೇಕು. ಕಡಿದ ಕಬ್ಬೂ ಒಂದು ದಿನಕ್ಕಿಂತ ಹೆಚ್ಚು ಬಿದ್ದಿರಬಾರದು. ಹಳಸಲು ಹಾಲು ಲೋಳೆಗಟ್ಟಿ ಏನು ಮಾಡಿದರೂ ತಿಳಿಯಾಗದು, ನೊರೆಯೂ ಇಮ್ಮಡಿ.

ಪ್ರಶ್ನೆ: ಬಾಟಲಿಯ ತಳದಲ್ಲಿ ಏನೋ ಕೂರುತ್ತದೆ. ಕೆಲವು ಬಾಟಲಿ ಮುಚ್ಚಳ ತೆಗೆದರೆ ಬುಸ್ ಎನ್ನುತ್ತದೆ. ಎರಡೂ ಒಂದೇ ದೋಷವೇ?
— ಗದಗ

ಉತ್ತರ: ಬೇರೆ ಬೇರೆ. ಬುಸ್ ಎನ್ನುವುದು ಹುಳಿಬಂದದ್ದು: 70 ಬ್ರಿಕ್ಸಿಗಿಂತ ತೆಳು ಉಳಿದಿದೆ, ಅಥವಾ ಬಾಟಲಿಯಲ್ಲಿ ತೇವವಿತ್ತು. ತಳದಲ್ಲಿ ಕೂತದ್ದನ್ನು ಬೆರಳಲ್ಲಿ ಉಜ್ಜಿ ನೋಡಿ. ಹರಳುಹರಳಾಗಿದ್ದು ಬಿಸಿನೀರಿನಲ್ಲಿ ಕರಗಿದರೆ ಸಕ್ಕರೆ, 78ರ ಮೇಲೆ ಹೋಗಿದ್ದೀರಿ. ಕರಗದೆ ಕೆಸರಿನಂತಿದ್ದರೆ ಮಡ್ಡಿ.

ಹರಳಾಗದಿರಲು ಪಾಕ ಇಳಿಸುವ ಮುನ್ನ 25 ಕಿಲೋಗೆ 10 ಗ್ರಾಂ ಸಿಟ್ರಿಕ್ ಆಮ್ಲವನ್ನು ಸ್ವಲ್ಪ ನೀರಿನಲ್ಲಿ ಕರಗಿಸಿ ಹಾಕಿ. ಅದು ಸಕ್ಕರೆಯ ಒಂದು ಪಾಲನ್ನು ಒಡೆದು ಹರಳುಗಟ್ಟುವುದನ್ನು ತಡೆಯುತ್ತದೆ. ಅಚ್ಚುಬೆಲ್ಲಕ್ಕೆ ಮಾತ್ರ ಇದನ್ನು ಹಾಕಬೇಡಿ, ಗಟ್ಟಿಯಾಗದು. ಕೆಸರಿಗೆ, ಇಳಿಸಿದ ಪಾಕವನ್ನು ಮುಚ್ಚಿದ ಸ್ಟೀಲ್ ಡ್ರಮ್ಮಿನಲ್ಲಿ ಎಂಟು ಹತ್ತು ದಿನ ಅಲುಗಿಸದೆ ಇಟ್ಟು, ತಳದಿಂದ ಎರಡು ಇಂಚು ಮೇಲಿನ ನಲ್ಲಿಯಿಂದ ತಿಳಿಯನ್ನಷ್ಟೇ ತೆಗೆಯಿರಿ. ಅದನ್ನು 85 ಡಿಗ್ರಿಗೆ ಬಿಸಿ ಮಾಡಿ ಒಣಗಿದ ಗಾಜಿನ ಬಾಟಲಿಗೆ ಕತ್ತಿನವರೆಗೆ ತುಂಬಿ, ಮುಚ್ಚಿ, ಎರಡು ನಿಮಿಷ ತಲೆಕೆಳಗೆ ಮಾಡಿಡಿ.

ಮಾರುವ ಯೋಚನೆ ಇದ್ದರೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರದ) ನೋಂದಣಿ ಬೇಕಾಗುತ್ತದೆ. ಸಲಹೆಗೆ ನಿಮಗೆ ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಹಾವೇರಿಯವರಿಗೆ ಹನುಮನಮಟ್ಟಿಯದು.

ಪ್ರಶ್ನೆ: ಜಿಂಕ್ ಶೀಟು ಅಗ್ಗ, ಮನೆಯಲ್ಲೇ ಇದೆ. ಕಡಾಯಿ ಮಾಡಿಸಬಹುದೇ? ಡಾಂಬರಿನ ಹಳೇ ಡ್ರಮ್ಮನ್ನು ಒಲೆಗೆ ಬಳಸಬಹುದೇ?
— ಶಿಗ್ಗಾವಿ

ಉತ್ತರ: ಜಿಂಕ್ ಶೀಟು ಕೂಡದು. ಕಬ್ಬಿನ ಹಾಲು ಹುಳಿ ಗುಣದ್ದು, ಕುದಿಯುವಾಗ ಸತುವನ್ನು ಕರಗಿಸಿ ಬೆಲ್ಲಕ್ಕೆ ಸೇರಿಸುತ್ತದೆ. ಸ್ಟೀಲ್ ಸದ್ಯಕ್ಕೆ ಆಗದಿದ್ದರೆ ಹಳೆಯ ಕಬ್ಬಿಣದ ಕಡಾಯಿಯೇ ಇರಲಿ. ಬಣ್ಣ ಕಪ್ಪಾದೀತು, ತಿನ್ನಲು ಅಡ್ಡಿಯಿಲ್ಲ. ಕಾಸಿ ಮುಗಿದ ಮೇಲೆ ತೊಳೆದು, ಒರೆಸಿ, ಎಣ್ಣೆ ಸವರಿಡಿ.

ಡ್ರಮ್ಮನ್ನು ಒಲೆಯ ಹೊರಗವಚವಾಗಿ ಬಳಸಬಹುದು. ಮೊದಲು ಬಯಲಿನಲ್ಲಿ ಎರಡೂ ಕಡೆ ಬಾಯಿ ಕತ್ತರಿಸಿ, ಒಳಗಿನ ಡಾಂಬರನ್ನು ಪೂರ್ತಿ ಸುಟ್ಟು ಕೆರೆದು ತೆಗೆಯಿರಿ. ಮುಚ್ಚಿದ ಡ್ರಮ್ಮಿಗೆ ಗ್ಯಾಸ್ ಕಟ್ಟರ್ ಹಚ್ಚಿದರೆ ಒಳಗಿನ ಆವಿ ಸಿಡಿಯುತ್ತದೆ. ಉಳಿ ಸುತ್ತಿಗೆಯಿಂದಲೇ ಕತ್ತರಿಸಿ. ಒಳಗೆ ಎರಡು ಇಂಚು ಮಣ್ಣು ಮೆತ್ತದಿದ್ದರೆ ತಗಡು ಒಂದು ಹಂಗಾಮು ಕೂಡ ಬಾಳದು.